ಗುಲಾಬಿ ಹರಳು, ನೀಲಿ ಹರಳು: ಸಮತೋಲನ ಎತ್ತ ಸರಿಯುತ್ತದೆ ಎಂದು ಮಕ್ಕಳಿಗೆ ತೋರಿಸುವ ಬಗೆ

ಜೂನ್ ತಿಂಗಳ ಮಳೆ ಹಿಡಿದು ಎರಡು ದಿನವಾಗುವಷ್ಟರಲ್ಲಿ ನಮ್ಮ ತಕ್ಕಡಿ ಕೋಣೆಯ ಡೆಸಿಕೇಟರಿನಲ್ಲಿದ್ದ (ತೇವ ತಾಗದಂತೆ ವಸ್ತುಗಳನ್ನು ಇಡುವ ಮುಚ್ಚಳದ ಗಾಜಿನ ಪಾತ್ರೆ ಅದು) ತೇವ ಹೀರುವ ನೀಲಿ ಹರಳುಗಳು ಗುಲಾಬಿಗೆ ತಿರುಗುತ್ತಿದ್ದವು. ಮುಚ್ಚಳದ ಅಂಚಿಗೆ ಎಷ್ಟೇ ಗ್ರೀಸ್ ಮೆತ್ತಿದರೂ ಮಂಗಳೂರಿನ ಮಳೆಗಾಲದ ಗಾಳಿ ಒಳಗೆ ನುಸುಳದೆ ಬಿಡುವುದಿಲ್ಲ. ಹರಳುಗಳನ್ನು ಪಿಂಗಾಣಿ ಬಟ್ಟಲಿಗೆ ಸುರಿದು ಓವನ್‌ನಲ್ಲಿ 110 ಡಿಗ್ರಿಗೆ ಇಟ್ಟರೆ ಕೆಲವು ಗಂಟೆಗಳಲ್ಲಿ ಮತ್ತೆ ನೀಲಿ. ಸೆಪ್ಟೆಂಬರ್ ತನಕ ವಾರಕ್ಕೊಮ್ಮೆ ಇದೇ ಕೆಲಸ. ಹೀಗೆ ಹತ್ತು ಹನ್ನೆರಡು ಮಳೆಗಾಲ ಕಳೆದ ಮೇಲೆ ಒಂದು ದಿನ, ಪಕ್ಕದ ತರಗತಿಯಿಂದ ಕೇಳಿಸುತ್ತಿದ್ದ ಪಾಠವೂ ನನ್ನ ಕೈಯಲ್ಲಿದ್ದ ಬಟ್ಟಲೂ ಒಂದೇ ಮಾತು ಹೇಳುತ್ತಿವೆ ಎಂದು ತಲೆಗೆ ಹೊಳೆಯಿತು.

ನಾನು ಉಪನ್ಯಾಸಕಿ ಅಲ್ಲ. ಮಂಗಳೂರಿನ ಒಂದು ಪದವಿಪೂರ್ವ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ 29 ವರ್ಷ ಅಟೆಂಡರ್ ಆಗಿದ್ದೆ. ದ್ರಾವಣ ಮಾಡುವುದು, ಬಾಟಲಿಗೆ ಚೀಟಿ ಅಂಟಿಸುವುದು, ಸಾವಿರಗಟ್ಟಲೆ ಟೆಸ್ಟ್ ಟ್ಯೂಬ್ ತೊಳೆಯುವುದು ನನ್ನ ಕೆಲಸ. ಮೊದಮೊದಲು ಮಕ್ಕಳು ಅಕ್ಕ ಎನ್ನುತ್ತಿದ್ದರು, ಆಮೇಲೆ ಆಂಟಿ ಎನ್ನತೊಡಗಿದರು. ಈಗ ಕೂಳೂರಿನ ಮನೆಯ ಜಗಲಿಯಲ್ಲಿ ತಂಗಿಯ ಮಗನಿಗೆ ಪ್ರಥಮ ಪಿಯುಸಿ ಪಾಠ ಹೇಳಿಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ರಾಸಾಯನಿಕ ಸಮತೋಲನದ ಅಧ್ಯಾಯಕ್ಕೆ ಬಂದಾಗ, ಏನಾದರೂ ಬದಲಾಯಿಸಿದರೆ ಕ್ರಿಯೆ ಸಮೀಕರಣದ ಯಾವ ಬದಿಗೆ ಸರಿಯುತ್ತದೆ ಎಂಬ ಬಗ್ಗೆ ಅವನು ಕೇಳಿದ್ದು ಒಂದೇ ಪ್ರಶ್ನೆ: “ದೊಡ್ಡಮ್ಮ, ಎಡಕ್ಕೋ ಬಲಕ್ಕೋ ಅಷ್ಟು ಹೇಳಿ, ಬರೆದುಕೊಳ್ಳುತ್ತೇನೆ.” ಹಾಗೆ ಬರೆದುಕೊಂಡವರ ಉತ್ತರ ಪತ್ರಿಕೆಗಳ ಕಟ್ಟನ್ನು ನಾನು ಎಷ್ಟೋ ವರ್ಷ ಹೊತ್ತಿದ್ದೇನೆ. ಆದ್ದರಿಂದ ಅವನಿಗೆ ಹೇಳಿಕೊಟ್ಟ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವವರಿಗೂ ಹೊಸದಾಗಿ ಪ್ರಯೋಗಾಲಯಕ್ಕೆ ಕಾಲಿಟ್ಟವರಿಗೂ ಇದು ಉಪಯೋಗಕ್ಕೆ ಬಂದೀತು.

ಮೊದಲು ಹೆಸರು. ಸಮತೋಲನ ಎತ್ತ ಸರಿಯುತ್ತದೆ ಎಂದು ಹೇಳುವ ತತ್ವವನ್ನು ಕೊಟ್ಟವನನ್ನು ತರಗತಿಯಲ್ಲಿ ಎಲ್ಲರೂ ‘ಲೀ ಚಾಟ್ಲಿಯರ್’ ಎನ್ನುತ್ತಾರೆ. ಆತ ಫ್ರಾನ್ಸಿನವನು, ಅಲ್ಲಿಯ ಉಚ್ಚಾರ ಸುಮಾರಾಗಿ ‘ಲ ಶಾತಲಿಯೇ’. ಪೂರ್ತಿ ಹೆಸರು ಆನ್ರಿ ಲೂಯಿ ಲ ಶಾತಲಿಯೇ. 1850ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿ 1936ರಲ್ಲಿ ತೀರಿಕೊಂಡ. ಐಫೆಲ್ ಗೋಪುರದ ಮೇಲೆ ಕೆತ್ತಿರುವ 72 ಹೆಸರುಗಳಲ್ಲಿ ಈ ಹೆಸರೂ ಇದೆ, ಆದರೆ ಅದು ಮಗನದ್ದಲ್ಲ, ಎಂಜಿನಿಯರ್ ಆಗಿದ್ದ ಅಪ್ಪ ಲೂಯಿಯದು. ಮಗ ಗಣಿ ಕಾಲೇಜಿನಲ್ಲಿ ಓದಿ, 1877ರಲ್ಲಿ ಅಲ್ಲಿಯೇ ಪ್ರಾಧ್ಯಾಪಕನಾದ. ಆತ ಕೈಹಾಕಿದ್ದೆಲ್ಲ ಸುಣ್ಣ, ಸಿಮೆಂಟು, ಕುಲುಮೆ, ಗಣಿಯಲ್ಲಿ ಸಿಡಿಯುವ ಅನಿಲ ಇಂಥವಕ್ಕೆ. ಕೈ ಕೊಳೆಯಾಗುವ ಕೆಲಸ ಮಾಡಿದವನೆಂದು ನನಗೆ ಆತನ ಮೇಲೆ ಸ್ವಲ್ಪ ಪಕ್ಷಪಾತವಿದೆ.

ಈಗ ಸಮತೋಲನ ಎಂದರೆ ಏನೆಂದು ಮಗುವಿನ ಕಣ್ಣ ಮುಂದೆ ತರಬೇಕು. ತಕ್ಕಡಿಯ ಚಿತ್ರ ತೋರಿಸಬೇಡಿ. ತಕ್ಕಡಿ ಸಮವಾದರೆ ನಿಂತುಬಿಡುತ್ತದೆ, ರಾಸಾಯನಿಕ ಸಮತೋಲನ ನಿಲ್ಲುವುದಿಲ್ಲ. ನಾನು ತಂಗಿಯ ಮಗನನ್ನು ಒಂದು ಭಾನುವಾರ ಸುಲ್ತಾನ್ ಬತ್ತೇರಿಗೆ ಕರೆದುಕೊಂಡು ಹೋದೆ. ಅಲ್ಲಿಂದ ತಣ್ಣೀರುಬಾವಿಗೆ ದೋಣಿ ಹೋಗುತ್ತದೆ, ಬರುತ್ತದೆ. ಹೋಗುವವರೂ ಬರುವವರೂ ಒಂದೇ ಲೆಕ್ಕದಲ್ಲಿದ್ದರೆ ಆಚೆ ದಡದ ಮರಳಿನ ಮೇಲಿರುವ ಜನರ ಸಂಖ್ಯೆ ಬದಲಾಗುವುದಿಲ್ಲ. ಆದರೆ ಅಲ್ಲಿ ನಿಂತಿರುವ ಮುಖಗಳು ಬದಲಾಗುತ್ತಲೇ ಇರುತ್ತವೆ. ಮುಮ್ಮುಖ ಕ್ರಿಯೆ, ಹಿಮ್ಮುಖ ಕ್ರಿಯೆ ಎರಡೂ ಒಂದೇ ವೇಗದಲ್ಲಿ ನಡೆಯುತ್ತಿವೆ ಎಂಬುದರ ಅರ್ಥ ಅಷ್ಟೇ. ಈ ಕಡೆಯ ಕಟ್ಟೆಯಲ್ಲಿ ಒಮ್ಮೆಲೇ ಐವತ್ತು ಜನ ಬಂದಿಳಿದರೆ ಸ್ವಲ್ಪ ಹೊತ್ತು ಹೋಗುವವರೇ ಹೆಚ್ಚು. ಆಮೇಲೆ ಮತ್ತೆ ಸಮ, ಆದರೆ ಹಳೆಯ ಸಂಖ್ಯೆಗೆ ಅಲ್ಲ.

ಹುಡುಗ ಜಾಣ. “ತಣ್ಣೀರುಬಾವಿಗೆ ರಸ್ತೆಯೂ ಇದೆಯಲ್ಲ? ಕೆಲವರು ಬೈಕಿನಲ್ಲಿ ಹೋಗಿಬಿಡುತ್ತಾರೆ” ಎಂದ. ಅದೇ ನಾನು ಹೇಳಬೇಕೆಂದಿದ್ದ ಮೊದಲ ಹೆಜ್ಜೆ.

ಎಡವೋ ಬಲವೋ ಎಂದು ಕೇಳುವ ಮುಂಚೆ ಪಾತ್ರೆ ಮುಚ್ಚಿದೆಯೇ ಎಂದು ಕೇಳಿ. ಪಾತ್ರೆಯಿಂದ ಏನಾದರೂ ಹೊರಗೆ ಹೋಗುತ್ತಲೇ ಇದ್ದರೆ ಅಲ್ಲಿ ಸಮತೋಲನ ಕೂಡಿಬರುವುದೇ ಇಲ್ಲ. ನನ್ನ ಬಾಲ್ಯದಲ್ಲಿ ಗುರುಪುರ ಹೊಳೆಯ ಮರುವಾಯಿ ಚಿಪ್ಪನ್ನು ಸುಟ್ಟು ಸುಣ್ಣ ಮಾಡುತ್ತಿದ್ದರು. ಚಿಪ್ಪು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಕಾಯಿಸಿದರೆ ಸುಟ್ಟ ಸುಣ್ಣವೂ ಕಾರ್ಬನ್ ಡೈಆಕ್ಸೈಡ್ ಅನಿಲವೂ ಆಗುತ್ತದೆ, ಎರಡನ್ನೂ ಒಟ್ಟಿಗೆ ಬಿಟ್ಟರೆ ಹಿಂದಕ್ಕೆ ಕೂಡಿಕೊಳ್ಳುತ್ತವೆ. ಭಟ್ಟಿಯ ಬಾಯಿ ತೆರೆದಿರುತ್ತದೆ, ಕೆಳಗಿನಿಂದ ಗಾಳಿ ಹಾಕುತ್ತಾರೆ. ಆ ಗಾಳಿ ಇದ್ದಿಲಿನ ಬೆಂಕಿಗೆ ಬೇಕು ಎಂದಷ್ಟೇ ನಾನು ತಿಳಿದಿದ್ದೆ. ಅದು ಅನಿಲವನ್ನು ಹೊತ್ತುಕೊಂಡು ಹೋಗುವ ಕೆಲಸವನ್ನೂ ಮಾಡುತ್ತದೆ, ಕೂಡಿಕೊಳ್ಳಲು ಜೊತೆಗಾರ ಉಳಿಯದ ಸುಣ್ಣ ಸುಣ್ಣವಾಗಿಯೇ ಉಳಿಯುತ್ತದೆ. ಲ ಶಾತಲಿಯೇ ಇದೇ ಕ್ರಿಯೆಯನ್ನು ಮುಚ್ಚಿದ ಪಾತ್ರೆಯಲ್ಲಿ ನಡೆಸಿ, ಯಾವ ಉಷ್ಣತೆಯಲ್ಲಿ ಅನಿಲದ ಒತ್ತಡ ಎಷ್ಟು ಎಂದು ಅಳೆದ. ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ವಾತಾವರಣದ ಒತ್ತಡಕ್ಕೆ ಸಮನಾಗುತ್ತದೆ. ಅಷ್ಟು ಬಿಸಿಯನ್ನು ನಂಬಿಕೆಯಿಂದ ಅಳೆಯಲು ಪ್ಲಾಟಿನಂ ತಂತಿಯನ್ನೂ ಪ್ಲಾಟಿನಂ–ರೋಡಿಯಂ ತಂತಿಯನ್ನೂ ಬೆಸೆದ ಉಷ್ಣಯುಗ್ಮವನ್ನು ಬಳಕೆಗೆ ತಂದವನೂ ಆತನೇ.

ಗೋಲಿ ಸೋಡಾ ಇದಕ್ಕೆ ಇನ್ನೂ ಸುಲಭದ ಉದಾಹರಣೆ. ಗೋಲಿ ಬಾಯಿಗೆ ಒತ್ತಿಕೊಂಡಿರುವ ತನಕ ಸಮತೋಲನ, ಹೆಬ್ಬೆರಳಿನಿಂದ ಒಳಕ್ಕೆ ತಳ್ಳಿದ ಮೇಲೆ ಇಲ್ಲ.

ಎರಡನೆಯ ಹೆಜ್ಜೆ: ಕ್ರಿಯೆಯನ್ನು ಮಾತಿನಲ್ಲಿ ಬರೆಯಿಸಿ, ಶಾಖವನ್ನೂ ಒಂದು ಪದಾರ್ಥವೆಂದು ಅದರ ಜಾಗದಲ್ಲಿ ಬರೆಯಿಸಿ. ಕ್ರಿಯೆ ಬಹಿರುಷ್ಣಕವಾದರೆ, ಅಂದರೆ ಶಾಖ ಬಿಡುವಂಥದಾದರೆ, ಶಾಖ ಬಲಕ್ಕೆ; ಅಂತರುಷ್ಣಕವಾದರೆ, ಅಂದರೆ ಶಾಖ ಹೀರುವಂಥದಾದರೆ, ಎಡಕ್ಕೆ. ಅನಿಲವಿದ್ದರೆ ಎರಡೂ ಕಡೆ ಎಷ್ಟು ಪಾಲು ಅನಿಲ ಎಂದು ಕೆಳಗೆ ಅಂಕಿ ಹಾಕಿಸಿ. ಆಮೇಲೆ ನೀವು ಏನು ಬದಲಾಯಿಸುತ್ತೀರಿ ಎಂಬುದನ್ನು ಒಂದೇ ಒಂದು ಆರಿಸಿಕೊಳ್ಳಿ. ಸೇರಿಸಿದ್ದನ್ನು ಕ್ರಿಯೆ ತಿನ್ನುವ ಕಡೆಗೆ ಸರಿಯುತ್ತದೆ, ತೆಗೆದದ್ದನ್ನು ತುಂಬುವ ಕಡೆಗೆ ಸರಿಯುತ್ತದೆ. ಒತ್ತಿದರೆ ಅನಿಲದ ಪಾಲು ಕಡಿಮೆ ಇರುವ ಕಡೆಗೆ. ತತ್ವ ಇಷ್ಟೇ. 1884ರಲ್ಲಿ ಲ ಶಾತಲಿಯೇ ಇದನ್ನು ಮೊದಲು ಬರೆದಾಗ ವಾಕ್ಯ ಉದ್ದಕ್ಕೆ ಎಳೆದುಕೊಂಡಿತ್ತು. 1888ರಲ್ಲಿ ಆತನೇ ಚಿಕ್ಕದಾಗಿ ಹೇಳಿದ. ಮೊದಲನೆಯದನ್ನು ಬಾಯಿಪಾಠ ಮಾಡಬೇಕಾಗಿದ್ದರೆ ನಮ್ಮ ಮಕ್ಕಳ ಗತಿ ಏನಾಗುತ್ತಿತ್ತೋ.

ಇಲ್ಲಿ ಒಂದು ಪದದ ಬಗ್ಗೆ ಎಚ್ಚರ. ‘ಬದಲಾವಣೆಯನ್ನು ವಿರೋಧಿಸುತ್ತದೆ’ ಎಂದು ಓದಿದ ಮಕ್ಕಳು ಎಲ್ಲವೂ ಮೊದಲಿನಂತೆ ಆಗಿಬಿಡುತ್ತದೆ ಎಂದುಕೊಳ್ಳುತ್ತಾರೆ. ನಮ್ಮ ಉಪನ್ಯಾಸಕರೊಬ್ಬರು ನೈಟ್ರೋಜನ್ ಡೈಆಕ್ಸೈಡ್ ತುಂಬಿ ಬಾಯಿ ಮುಚ್ಚಿದ ಗಾಜಿನ ಸಿರಿಂಜ್ ಒಂದನ್ನು ತೋರಿಸುತ್ತಿದ್ದರು. ಕಂದು ಅನಿಲದ ಎರಡು ಅಣು ಕೂಡಿ ಬಣ್ಣವಿಲ್ಲದ ಒಂದು ಅಣುವಾಗುತ್ತದೆ. ಹಿಡಿಯನ್ನು ಒತ್ತಿದ ಕ್ಷಣ ಕಂದು ಬಣ್ಣ ಗಾಢವಾಗುತ್ತದೆ, ಏಕೆಂದರೆ ಅಷ್ಟೇ ಅನಿಲ ಚಿಕ್ಕ ಜಾಗಕ್ಕೆ ಸೇರಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಸ್ವಲ್ಪ ತೆಳುವಾಗುತ್ತದೆ. ಆದರೆ ಒತ್ತುವ ಮೊದಲಿದ್ದಷ್ಟು ತೆಳು ಎಂದಿಗೂ ಆಗುವುದಿಲ್ಲ. ಎರಡನೆಯದನ್ನು ನೋಡದೆ ‘ಗಾಢವಾಯಿತು, ಅಂದರೆ ತತ್ವ ಸುಳ್ಳು’ ಎಂದು ವಾದಿಸಿದ ಹುಡುಗರಿದ್ದಾರೆ. ಆ ಅನಿಲ ವಿಷ. ಇದನ್ನು ಕಾಲೇಜಿನಲ್ಲಿ, ಬಲ್ಲವರ ಕೈಯಲ್ಲಿ ಮಾತ್ರ ನೋಡಬೇಕು.

ಮನೆಯಲ್ಲಿ ಮಾಡಲು ಅರಿಸಿನ ಸಾಕು. ಆರತಿಗೆ ಓಕುಳಿ ನೀರು ಮಾಡುವುದು ಎಲ್ಲರಿಗೂ ಗೊತ್ತು. ಅರ್ಧ ಲೋಟ ನೀರಿಗೆ ಒಂದು ಚಿಟಿಕೆ ಅರಿಸಿನ, ಅದಕ್ಕೆ ವೀಳ್ಯದೆಲೆಗೆ ಹಚ್ಚುವ ಸುಣ್ಣ ಒಂದು ಮೆಣಸಿನಕಾಳಿನಷ್ಟು. ಕೆಂಪಾಗುತ್ತದೆ. ಲಿಂಬೆಹಣ್ಣು ಹಿಂಡಿ, ಹಳದಿಗೆ ಮರಳುತ್ತದೆ. ಮತ್ತೆ ಸುಣ್ಣ, ಮತ್ತೆ ಕೆಂಪು. ಅರಿಸಿನದ ಬಣ್ಣದ ಅಣು ಹೈಡ್ರೋಜನ್ ಅಯಾನನ್ನು (ಅಯಾನು ಎಂದರೆ ವಿದ್ಯುದಂಶವುಳ್ಳ ಕಣ) ಹಿಡಿದುಕೊಂಡಿದ್ದರೆ ಹಳದಿ, ಬಿಟ್ಟರೆ ಕೆಂಪು. ಸುಣ್ಣ ಆ ಅಯಾನನ್ನು ಕಸಿಯುತ್ತದೆ, ಲಿಂಬೆ ಕೊಡುತ್ತದೆ. ಮಗುವಿನ ಕೈಯಲ್ಲಿ ನಾಲ್ಕು ಸಲ ಮಾಡಿಸಿ, ಪ್ರತಿ ಸಲ ಎಷ್ಟು ಬೇಕಾಯಿತು ಎಂದು ಬರೆಯಿಸಿ. ಹಿಂದಿನ ಸಲದ ಹೆಚ್ಚುವರಿ ಹುಳಿಯನ್ನು ಕೊಂದ ಮೇಲೆಯೇ ಸುಣ್ಣ ಬಣ್ಣದ ಕೆಲಸಕ್ಕೆ ಬರುವುದು, ಹಾಗಾಗಿ ಲೆಕ್ಕ ಏರುತ್ತಾ ಹೋಗುತ್ತದೆ. ಇದೇ ಪಾಠ ನಮ್ಮ ಅಡುಗೆ ಮನೆಯಲ್ಲಿ ಇನ್ನೊಂದು ರೂಪದಲ್ಲಿದೆ. ಬಂಗುಡೆ ಹೆಚ್ಚಿದ ಕೈಗೆ ಲಿಂಬೆ ಉಜ್ಜಿದರೆ ವಾಸನೆ ತಗ್ಗುತ್ತದೆ. ಮೂಗಿಗೆ ಹೊಡೆಯುವ ಅಮೀನ್ ಎಂಬ ಕ್ಷಾರ ಹುಳಿಯೊಡನೆ ಕೂಡಿ ಉಪ್ಪಾಗುತ್ತದೆ, ಉಪ್ಪು ಹಾರುವುದಿಲ್ಲ. ಅಮ್ಮ ಪುನರ್ಪುಳಿ ಸಿಪ್ಪೆ ಉಜ್ಜುತ್ತಿದ್ದಳು. ಉಜ್ಜಿ ತೊಳೆಯದೆ ಸೋಪು ಹಚ್ಚಿದರೆ ವಾಸನೆ ಮತ್ತೆ ಎದ್ದು ಬರುತ್ತದೆ, ಏಕೆಂದರೆ ಸೋಪು ಕ್ಷಾರ.

ಪ್ರಯೋಗಾಲಯದಲ್ಲಿ ಮಾಡುವುದು ಫೆರಿಕ್ ಕ್ಲೋರೈಡ್ ಮತ್ತು ಪೊಟ್ಯಾಸಿಯಂ ಥಯೋಸಯನೇಟ್ ಪ್ರಯೋಗ. ಇದರಲ್ಲಿ ನಾನು ಒಮ್ಮೆ ಮಾನ ಕಳೆದುಕೊಂಡಿದ್ದೇನೆ. ಸೇರಿದ ಎರಡನೆಯ ವರ್ಷ, ಪ್ರಾಯೋಗಿಕ ಪರೀಕ್ಷೆಯ ದಿನ. ಬಣ್ಣ ಚೆನ್ನಾಗಿ ಕಾಣಲಿ ಎಂದು ಎರಡು ದ್ರಾವಣಗಳನ್ನೂ ಗಟ್ಟಿಯಾಗಿ ಮಾಡಿಟ್ಟೆ. ಮಕ್ಕಳ ಟ್ಯೂಬುಗಳಲ್ಲಿ ಬಂದದ್ದು ಕಡುಗೆಂಪು, ಹೆಚ್ಚುಕಡಿಮೆ ಕಪ್ಪು. ಏನು ಸೇರಿಸಿದರೂ ಕಪ್ಪು ಕಪ್ಪಾಗಿಯೇ ಇತ್ತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಟ್ಯೂಬನ್ನು ಕಿಟಕಿಗೆ ಹಿಡಿದು ನೋಡಿ, ನನ್ನ ಮುಖ ನೋಡಿದರು. ಅಂದಿನಿಂದ ನನ್ನ ಅಳತೆ ಬದಲಾಗಿಲ್ಲ: ಎರಡೂ 100 ಮಿಲಿಲೀಟರ್ ನೀರಿಗೆ 0.1 ಗ್ರಾಂ. ಸಮಪಾಲು ಬೆರೆಸಿದರೆ ಒಂದರ ಕಬ್ಬಿಣದ ಅಯಾನೂ ಇನ್ನೊಂದರ ಥಯೋಸಯನೇಟ್ ಅಯಾನೂ ಕೂಡಿ ರಕ್ತದ ಬಣ್ಣ. ಅದರಿಂದ ಸ್ವಲ್ಪ ಸ್ವಲ್ಪ ಐದು ಟ್ಯೂಬಿಗೆ ಹಾಕಿ, ಹಾಲಿಲ್ಲದ ಚಹಾದ ಬಣ್ಣ ಬರುವ ತನಕ ನೀರು ಬೆರೆಸಿ.

ಒಂದು ಟ್ಯೂಬಿಗೆ ಯಾವ ರಾಸಾಯನಿಕವನ್ನೂ ಸೇರಿಸಬೇಡಿ, ಅದು ಹೋಲಿಸಲು. ಎರಡನೆಯದಕ್ಕೆ ಫೆರಿಕ್ ಕ್ಲೋರೈಡ್ ಐದು ಹನಿ. ಕೆಂಪು ಏರುತ್ತದೆ. ಮಕ್ಕಳಿಗೆ ಇದರಲ್ಲಿ ಬೆರಗಿಲ್ಲ, ಹಳದಿ ದ್ರಾವಣ ಹಾಕಿದೆವು, ಬಣ್ಣ ಬಂತು ಎನ್ನುತ್ತಾರೆ. ಮೂರನೆಯದಕ್ಕೆ ಥಯೋಸಯನೇಟ್ ಐದು ಹನಿ ಹಾಕುವಾಗ ಡ್ರಾಪರನ್ನು ಅವರ ಕಣ್ಣಿನ ಮಟ್ಟಕ್ಕೆ ಹಿಡಿಯಿರಿ. ಅದು ನೀರಿನಷ್ಟೇ ತಿಳಿ, ಬಣ್ಣವೇ ಇಲ್ಲ. ಆದರೂ ಕೆಂಪು ಏರುತ್ತದೆ. ಆಗ ಮಗು ಒಂದು ಕ್ಷಣ ಸುಮ್ಮನಾಗುತ್ತದೆ. ಬಣ್ಣ ಬಾಟಲಿಯಿಂದ ಬಂದದ್ದಲ್ಲ, ಟ್ಯೂಬಿನಲ್ಲಿ ಜೊತೆ ಸಿಗದೆ ಉಳಿದಿದ್ದ ಕಬ್ಬಿಣದ ಅಯಾನುಗಳಿಂದ ಹುಟ್ಟಿದ್ದು ಎಂದು ಆ ಸುಮ್ಮನಾದ ಹೊತ್ತಿನಲ್ಲಿಯೇ ಹೇಳಿಬಿಡಬೇಕು. ನಾಲ್ಕನೆಯದಕ್ಕೆ ಆಕ್ಸಾಲಿಕ್ ಆಮ್ಲ: ಅದು ಕಬ್ಬಿಣವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ಕೆಂಪು ಮಾಸುತ್ತದೆ. ಐದನೆಯದನ್ನು ಬಿಸಿನೀರಿನಲ್ಲಿ ನಿಲ್ಲಿಸಿ, ಇದೂ ಸ್ವಲ್ಪ ಮಾಸುತ್ತದೆ; ಕ್ರಿಯೆ ಬಹಿರುಷ್ಣಕ ಎಂದು ಅದರಿಂದಲೇ ಊಹಿಸಲು ಬಿಡಿ. ಒಂದು ಸಣ್ಣ ಮಾತು, ಯಾರೂ ಹೇಳಿಕೊಡುವುದಿಲ್ಲ: ಬೇರೆ ಟ್ಯೂಬುಗಳಿಗೆ ಐದೈದು ಹನಿ ಹಾಕಿದರೆ ಹೋಲಿಸುವ ಟ್ಯೂಬಿಗೂ ಒಮ್ಮೆ ಐದು ಹನಿ ನೀರು ಹಾಕಬೇಕು. ಇಲ್ಲದಿದ್ದರೆ ಮಾಸಿದ್ದು ಆಮ್ಲದಿಂದಲೋ ನೀರು ಬೆರೆತದ್ದರಿಂದಲೋ ಹೇಳಲಾಗದು. ಹಿಂದೆ ಬಿಳಿ ಕಾಗದ ಹಿಡಿದು ನೋಡಿ.

ಕೋಬಾಲ್ಟ್ ಕ್ಲೋರೈಡ್ ಹೆಚ್ಚು ಚಂದ, ಹೆಚ್ಚು ವಿಷವೂ ಹೌದು. ಕೈಗವಸು ಬೇಕು. ನೀರಿನಲ್ಲಿ ಕರಗಿಸಿದರೆ ಗುಲಾಬಿ. ಗಾಢ ಹೈಡ್ರೋಕ್ಲೋರಿಕ್ ಆಮ್ಲವನ್ನು ಹನಿಹನಿಯಾಗಿ, ಕಿಟಕಿ ತೆರೆದಿಟ್ಟು, ನೇರಳೆ ಬರುವ ತನಕ ಸೇರಿಸಿ ನಿಲ್ಲಿಸಿ. ನೇರಳೆ ಎಂದರೆ ನೀರು ಹಿಡಿದ ಗುಲಾಬಿ ಕೋಬಾಲ್ಟೂ ಕ್ಲೋರೈಡ್ ಹಿಡಿದ ನೀಲಿ ಕೋಬಾಲ್ಟೂ ಒಟ್ಟಿಗಿವೆ. ಬಿಸಿನೀರಿನಲ್ಲಿ ಇಳಿಸಿದರೆ ನೀಲಿ, ಮಂಜುಗಡ್ಡೆಯಲ್ಲಿ ಇಟ್ಟರೆ ಗುಲಾಬಿ. ನನ್ನ ಡೆಸಿಕೇಟರಿನ ಹರಳುಗಳಿಗೆ ಹಚ್ಚಿದ್ದೂ ಇದೇ ಕೋಬಾಲ್ಟ್ ಉಪ್ಪು. ಮಳೆಗಾಲ ನೀರು ಕೊಡುತ್ತದೆ, ಓವನ್ ಕಿತ್ತುಕೊಳ್ಳುತ್ತದೆ.

ಇನ್ನು ಮಕ್ಕಳು ಎಡವುವ ಜಾಗಗಳು. ಘನ ಪದಾರ್ಥವನ್ನು ಇನ್ನಷ್ಟು ಹಾಕಿದರೆ ಸಮತೋಲನ ಸರಿಯುವುದಿಲ್ಲ. ಮುಚ್ಚಿದ ಭಟ್ಟಿಗೆ ಇನ್ನೊಂದು ಬುಟ್ಟಿ ಚಿಪ್ಪು ಸುರಿದರೆ ಅನಿಲದ ಒತ್ತಡ ಏರುವುದಿಲ್ಲ. ಕ್ರಿಯಾವರ್ಧಕ, ಅಂದರೆ ತಾನು ಖರ್ಚಾಗದೆ ಕ್ರಿಯೆಯ ವೇಗ ಹೆಚ್ಚಿಸುವ ವಸ್ತು, ಎರಡೂ ಕಡೆಯ ದೋಣಿಗಳನ್ನು ಸಮವಾಗಿ ಚುರುಕು ಮಾಡುತ್ತದೆ, ಜನರ ಲೆಕ್ಕ ಬದಲಿಸುವುದಿಲ್ಲ. ಗಾತ್ರ ಬದಲಾಗದ ಪಾತ್ರೆಗೆ ಯಾವುದರೊಡನೆಯೂ ಕೂಡದ ಆರ್ಗಾನ್ ಅನಿಲ ತುಂಬಿದರೆ ಮಾಪಕದ ಮುಳ್ಳು ಏರುತ್ತದೆ, ಸಮತೋಲನ ಅಲುಗುವುದಿಲ್ಲ. ಸಮತೋಲನ ಸ್ಥಿರಾಂಕ, ಅಂದರೆ ಸಮತೋಲನದಲ್ಲಿ ಎರಡೂ ಬದಿಯ ಪ್ರಮಾಣಗಳ ಅನುಪಾತ ಹೇಳುವ ಸಂಖ್ಯೆ, ಬದಲಾಗುವುದು ಉಷ್ಣತೆ ಬದಲಾದಾಗ ಮಾತ್ರ. ಹೆಚ್ಚು ಹೊತ್ತು ಕಲಕಿದರೆ ಹೆಚ್ಚು ಬಣ್ಣ ಬರುತ್ತದೆ ಎನ್ನುವವರೂ ಇದ್ದಾರೆ. ಅವರಿಗೆ ಲ ಶಾತಲಿಯೇ ಹೇಳುತ್ತಿದ್ದ ಕುಲುಮೆಯ ಕಥೆ ಹೇಳಿ. ಕಬ್ಬಿಣ ತೆಗೆಯುವ ಊದುಕುಲುಮೆಯ ತುದಿಯಿಂದ ಕಾರ್ಬನ್ ಮಾನಾಕ್ಸೈಡ್ ಬಳಕೆಯಾಗದೆ ಹೋಗುತ್ತಿದೆ, ಅದಿರಿನ ಜೊತೆ ಸಾಕಷ್ಟು ಹೊತ್ತು ಸಿಕ್ಕಿಲ್ಲ ಎಂದುಕೊಂಡು ಒಡೆಯರು ಖರ್ಚು ಮಾಡಿ ಕುಲುಮೆಯನ್ನು ಎತ್ತರಿಸಿದರು. ಹೋಗುವ ಅನಿಲ ಹೋಗುತ್ತಲೇ ಇತ್ತು. ಹೊತ್ತು ಸಾಲದ್ದಲ್ಲ, ಆ ಕ್ರಿಯೆ ಅಲ್ಲಿಗೇ ಸಮವಾಗುತ್ತಿತ್ತು.

ಕೊನೆಗೆ ಅಮೋನಿಯಾ, ಪರೀಕ್ಷೆಯಲ್ಲಿ ಬಾರದೆ ಇರದ ಪ್ರಶ್ನೆ. ಕೂಳೂರಿನವರಿಗೆ ಇದು ದೂರದ ಮಾತಲ್ಲ, ಪಕ್ಕದ ಪಣಂಬೂರಿನಲ್ಲಿ ಗೊಬ್ಬರದ ಕಾರ್ಖಾನೆ ಇದೆ. ಒಂದು ಪಾಲು ನೈಟ್ರೋಜನ್, ಮೂರು ಪಾಲು ಹೈಡ್ರೋಜನ್ ಸೇರಿ ಎರಡು ಪಾಲು ಅಮೋನಿಯಾ, ಜೊತೆಗೆ ಶಾಖ. ನಾಲ್ಕು ಪಾಲು ಎರಡಾಗುವುದರಿಂದ ಒತ್ತಡ ಹೆಚ್ಚಿಸಬೇಕು. ಶಾಖ ಬಲಕ್ಕಿರುವುದರಿಂದ ತಣ್ಣಗಿಡಬೇಕು. ಇಲ್ಲಿ ಮಗುವನ್ನು ತಡೆದು ಕೇಳಿ: ಹಾಗಾದರೆ ಕಾರ್ಖಾನೆಯವರು 400ರಿಂದ 500 ಡಿಗ್ರಿಯಲ್ಲಿ ಏಕೆ ನಡೆಸುತ್ತಾರೆ? ತತ್ವ ದಿಕ್ಕನ್ನು ಹೇಳುತ್ತದೆ, ವೇಗವನ್ನು ಹೇಳುವುದಿಲ್ಲ. ತಣ್ಣಗಿದ್ದರೆ ಅಮೋನಿಯಾ ಹೆಚ್ಚು ಸಿಗಬೇಕು, ಆದರೆ ಕಾಯುತ್ತಾ ಕೂರಬೇಕು. ಅದಕ್ಕೆ ಕಬ್ಬಿಣದ ಕ್ರಿಯಾವರ್ಧಕ, ಸುಮಾರು 200 ವಾತಾವರಣ ಒತ್ತಡ, ನಡುವಿನ ಒಂದು ಬಿಸಿ. ಅಷ್ಟಿಷ್ಟು ಆದ ಅಮೋನಿಯಾವನ್ನು ತಣ್ಣಗೆ ಮಾಡಿ ದ್ರವವಾಗಿ ತೆಗೆದು, ಉಳಿದ ಅನಿಲವನ್ನು ಮತ್ತೆ ಒಳಕ್ಕೆ ಕಳಿಸುತ್ತಾರೆ. ಜಾಣರಿಗೆ ಇನ್ನೊಂದು ತೊಡಕು ಕೊಡಿ: ಒತ್ತಡ ಬದಲಾಗದಂತೆ ಇಟ್ಟ ಪಾತ್ರೆಯಲ್ಲಿ ನೈಟ್ರೋಜನ್ ಈಗಾಗಲೇ ಅರ್ಧಕ್ಕಿಂತ ಹೆಚ್ಚಿದ್ದಾಗ ಇನ್ನೂ ನೈಟ್ರೋಜನ್ ಸೇರಿಸಿದರೆ ಅಮೋನಿಯಾ ಹೆಚ್ಚುವ ಬದಲು ಒಡೆಯುತ್ತದೆ. ಅಲ್ಲಿ ನಾವು ಒಂದನ್ನು ಸೇರಿಸಿದೆವು ಎಂದುಕೊಂಡರೂ ಪಾತ್ರೆ ಹಿಗ್ಗಿ ಉಳಿದೆಲ್ಲವನ್ನೂ ತೆಳುವಾಗಿಸಿರುತ್ತದೆ. ಒಂದೇ ಬದಲಾವಣೆ ಮಾಡಿ ಎಂದು ಎರಡನೆಯ ಹೆಜ್ಜೆಯಲ್ಲಿ ಹೇಳಿದ್ದು ಇದಕ್ಕೇ.

ಈ ಲೆಕ್ಕವನ್ನೆಲ್ಲ ಎಲ್ಲರಿಗಿಂತ ಮೊದಲು ಬಲ್ಲವನು ಲ ಶಾತಲಿಯೇ ಅಲ್ಲದೆ ಇನ್ನಾರು? 1901ರಲ್ಲಿ ಆತ ಪ್ರಯೋಗ ಮಾಡಿಯೂ ಮಾಡಿದ: 200 ವಾತಾವರಣ ಒತ್ತಡ, 600 ಡಿಗ್ರಿ, ಕಬ್ಬಿಣ. ಒತ್ತಡ ಸರಿ, ಕಬ್ಬಿಣ ಸರಿ. ಆದರೆ ಉಪಕರಣದೊಳಗೆ ಗಾಳಿ ಉಳಿದಿತ್ತು. ಹೈಡ್ರೋಜನ್, ಗಾಳಿಯ ಆಕ್ಸಿಜನ್, ಕಾದ ತಂತಿ. ಭಯಂಕರವಾಗಿ ಸಿಡಿಯಿತು, ಸಹಾಯಕನೊಬ್ಬ ಸ್ವಲ್ಪದರಲ್ಲಿ ಬದುಕಿದ. ಆತ ಆ ಕೆಲಸವನ್ನು ಕೈಬಿಟ್ಟ. 1909ರಲ್ಲಿ ಜರ್ಮನಿಯ ಫ್ರಿಟ್ಜ್ ಹಾಬರ್ ಅದನ್ನು ಸಾಧಿಸಿ ತೋರಿಸಿದ, ಕಾರ್ಲ್ ಬಾಶ್ ಕಾರ್ಖಾನೆಗೆ ಒಗ್ಗಿಸಿದ, 1913ರಲ್ಲಿ ಓಪೌ ಎಂಬಲ್ಲಿ ಮೊದಲ ಕಾರ್ಖಾನೆ ನಡೆಯಿತು. ಅಮೋನಿಯಾವನ್ನು ಕೈಯಿಂದ ಜಾರಲು ಬಿಟ್ಟದ್ದು ತನ್ನ ವೈಜ್ಞಾನಿಕ ಬದುಕಿನ ಅತಿ ದೊಡ್ಡ ತಪ್ಪು ಎಂದು ಲ ಶಾತಲಿಯೇ ಮುಪ್ಪಿನಲ್ಲಿ ಒಪ್ಪಿಕೊಂಡಿದ್ದ.

ತರಗತಿಯಲ್ಲಿ ಈ ಕಥೆ ಹೇಳುವವರು ಪ್ರಾಧ್ಯಾಪಕನ ದುಃಖವನ್ನು ಹೇಳುತ್ತಾರೆ. ನಾನು ಆ ಸಹಾಯಕನನ್ನು ನೆನೆಯುತ್ತೇನೆ. ಅದಕ್ಕೇ ತಂಗಿಯ ಮಗನಿಗೆ ಕೊನೆಯಲ್ಲಿ ಕಲಿಸಿದ್ದು ತೊಳೆಯುವುದನ್ನು. ಕೋಬಾಲ್ಟ್ ಇದ್ದ ಟ್ಯೂಬನ್ನು ಸಿಂಕಿಗೆ ಸುರಿಯಬಾರದು, ಚೀಟಿ ಅಂಟಿಸಿದ ಬೇರೆ ಬಾಟಲಿಯಲ್ಲಿ ಸಂಗ್ರಹಿಸಬೇಕು. ಟ್ಯೂಬನ್ನು ಮೊದಲು ನಲ್ಲಿ ನೀರಿನಲ್ಲಿ, ಆಮೇಲೆ ಎರಡು ಸಲ ಬಟ್ಟಿ ಇಳಿಸಿದ ನೀರಿನಲ್ಲಿ ತೊಳೆದು ಬೋರಲು ಹಾಕಬೇಕು. ನಲ್ಲಿ ನೀರಿನ ಕ್ಲೋರೈಡ್ ಒಂದು ಹನಿ ಉಳಿದರೂ ಮುಂದಿನ ಹುಡುಗ ಕ್ಲೋರೈಡ್ ಪತ್ತೆಗೆ ಸಿಲ್ವರ್ ನೈಟ್ರೇಟ್ ಹಾಕಿದಾಗ ಇಲ್ಲದ ಉಪ್ಪನ್ನು ಕಂಡುಹಿಡಿಯುತ್ತಾನೆ. ಹರಳುಗಳನ್ನು ಓವನ್ನಿನಿಂದ ತೆಗೆದ ಮೇಲೆ ಬಿಸಿ ಆರುವ ತನಕ ಹೊರಗಿಡಬಾರದು, ಇಲ್ಲಿಯ ಗಾಳಿಯಲ್ಲಿ ಆರುವಷ್ಟರಲ್ಲಿ ಅಂಚು ಗುಲಾಬಿಯಾಗಿರುತ್ತದೆ. ಬೆಚ್ಚಗಿರುವಾಗಲೇ ಡೆಸಿಕೇಟರಿನ ತಳಕ್ಕೆ ಸುರಿಯಬೇಕು. ಮುಚ್ಚಳವನ್ನು ಮೇಲಿನಿಂದ ಇಡದೆ ಪಕ್ಕದಿಂದ ಜಾರಿಸಿ, ಗ್ರೀಸ್ ಗಾಜಿನಂತೆ ತಿಳಿಯಾಗಿ ಕಾಣುವ ತನಕ ತಿರುಗಿಸಬೇಕು. ಮೊದಲ ಸಲ ಅವನು ಮೇಲಿನಿಂದಲೇ ಇಟ್ಟ, ಅಂಚಿನಲ್ಲಿ ಒಂದು ಗುಳ್ಳೆ ಉಳಿಯಿತು. ನಾನು ಏನೂ ಹೇಳಲಿಲ್ಲ. ಮೂರನೆಯ ದಿನ ಅವನೇ ಫೋನ್ ಮಾಡಿ, ಗುಳ್ಳೆಯ ಕಡೆಯ ಹರಳು ಮೊದಲು ಗುಲಾಬಿಯಾಗಿದೆ ಎಂದ.